ಯಾರ ಹೆಸರಿನ ಕಾರ್ಡು

ಇಂಡಿ
೧೨ ಜುಲೈ ೨೦೨೪

ಅಪ್ಪಾ, ಜೈಭೀಮ್.

ರವಿವಾರ ನೀವು ಫೋನ್ ಇಟ್ಟ ಮೇಲೆ ಮತ್ತೆ ಹಚ್ಚಿದೆ. ಎತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನಾದರೂ ನಡುವೆ ಕತ್ತರಿಸಲು ಬರುವುದಿಲ್ಲವಲ್ಲ.

ಆ ದಿನ ಪೂರ್ತಿ ಹೇಳಲು ನೀವು ಬಿಡದ ಮಾತು ಇದು. ಹೊರ್ತಿ ಪಶು ಆಸ್ಪತ್ರೆಗೆ ಬಂದಾಗಿನಿಂದ ನಾನು ಬೆನ್ನು ಹತ್ತಿದ್ದೆನಲ್ಲ, ಕುರಿಗಳ ನೀಲಿನಾಲಿಗೆ ರೋಗ, ಅದರ ಮೇಲಿನ ನನ್ನ ಲೇಖನವನ್ನು ಸ್ಪೇನ್ ದೇಶದ ಸಮ್ಮೇಳನದವರು ಒಪ್ಪಿದ್ದಾರೆ. ಸೆಪ್ಟೆಂಬರ್ ಕೊನೆಯಲ್ಲಿ ಜರಗೋಜಾ ಎಂಬ ಊರಿನಲ್ಲಿ ನಾನು ಎದ್ದು ನಿಂತು ಮಾತಾಡಬೇಕು. ವಿಮಾನದ ಟಿಕೆಟ್ಟು, ಊರಿನೊಳಗಿನ ಕೋಣೆ ಅವರದೇ. ಸಮ್ಮೇಳನ ಮುಗಿದ ಮೇಲೆ ಗುಡ್ಡಗಾಡಿನ ಒಂದು ಹಳ್ಳಿಗೆ ಹೋಗಿ ಅಲ್ಲಿಯ ಕುರಿಹಟ್ಟಿ ನೋಡಬೇಕೆಂದಿದ್ದೇನೆ. ಅದು ನನ್ನ ಖರ್ಚು. ಆ ಹಳ್ಳಿಯ ವಸತಿಗೃಹದವರು ಕ್ರೆಡಿಟ್ ಕಾರ್ಡಿನ ಹೊರತು ಕೋಣೆ ಹಿಡಿದಿಡುವುದಿಲ್ಲ.

ಸಿಂದಗಿಯಲ್ಲಿ ನನ್ನ ಸಂಬಳದ ಖಾತೆಯಿದೆಯಲ್ಲ, ಅಲ್ಲಿಯೇ ನನ್ನ ಹೆಸರಿನ ಕಾರ್ಡಿಗೆ ಅರ್ಜಿ ಕೊಟ್ಟಿದ್ದೇನೆ. ನಿಮ್ಮನ್ನು ನಾನು ಕೇಳಿದ್ದು ಎಂಥ ಕಾರ್ಡು ತೆಗೆದುಕೊಳ್ಳಲಿ ಎಂದು. ತೆಗೆದುಕೊಳ್ಳಲೋ ಬೇಡವೋ ಎಂದಲ್ಲ. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ಅಪ್ಪನಿರುವಾಗ ಬೇರೆ ಯಾರನ್ನು ಕೇಳಲಿ? ಅದಕ್ಕೆ ನೀವು ಅಂದ ಮಾತು: "ನಿನಗ್ಯಾಕ ಬೇಕು ಅದೆಲ್ಲಾ, ನಾ ಕೊಡ್ತೇನಿ." ನನಗೀಗ ಮೂವತ್ಮೂರು, ಅಪ್ಪಾ.

ಅವ್ವನಿಗೆ ನಮಸ್ಕಾರ ಹೇಳಿ.

ನಿಮ್ಮ
ಪ್ರಜ್ಞಾ

---

ಬಸವನ ಬಾಗೇವಾಡಿ
೨೦ ಜುಲೈ ೨೦೨೪

ಪ್ರಜ್ಞಾ,

ಜೈಭೀಮ್. ಪತ್ರ ಮುಟ್ಟಿತು. ಫೋನನ್ನು ನಾನು ಕತ್ತರಿಸಲಿಲ್ಲ. ನೀನು ದನಿ ಏರಿಸಿದೆ, ನಾನು ಇಟ್ಟೆ. ಎರಡಕ್ಕೂ ವ್ಯತ್ಯಾಸವಿದೆ.

ಕಾರ್ಡಿನ ವಿಷಯ. ಮೊದಲೆಲ್ಲ ಹಿಂಬದಿಯ ಕಪ್ಪು ಪಟ್ಟಿಯನ್ನು ಯಂತ್ರಕ್ಕೆ ಉಜ್ಜುತ್ತಿದ್ದರು. ಹೋಟೆಲಿನವನು ಕಾರ್ಡನ್ನು ಒಳಗೆ ಒಯ್ದು ಇನ್ನೊಂದು ಯಂತ್ರಕ್ಕೂ ಉಜ್ಜಿ ಅದರ ನಕಲು ಮಾಡಿಬಿಡುತ್ತಿದ್ದ. ಈಗಿನ ಕಾರ್ಡಿನ ಮೇಲೆ ಬಂಗಾರದ ಬಣ್ಣದ ಚಿಪ್ ಇರುತ್ತದೆ. ಪ್ರತಿ ವ್ಯವಹಾರಕ್ಕೂ ಅದು ಹೊಸ ಗುರುತನ್ನು ಹುಟ್ಟಿಸುತ್ತದೆ, ನಕಲು ಸುಲಭವಲ್ಲ. ಆ ಕಡೆಯ ಟಿಕೆಟ್ ಯಂತ್ರಗಳ ಹತ್ತಿರ ಮನುಷ್ಯರೇ ಇರುವುದಿಲ್ಲವಂತೆ, ಚಿಪ್ ತೂರಿಸಿ ಪಿನ್ ಒತ್ತಬೇಕು. ರೂಪಾಯಿಯೋ ಯೂರೋವೋ ಎಂದು ಯಂತ್ರ ಕೇಳಿದರೆ ಯೂರೋ ಒತ್ತು. ರೂಪಾಯಿ ಒತ್ತಿದರೆ ತಮ್ಮ ದರ ಹಚ್ಚಿ ಸುಲಿಯುತ್ತಾರೆ. ವಿದೇಶದ ಬಳಕೆಯನ್ನು ಇಲ್ಲಿಂದ ಹೊರಡುವ ಮೊದಲೇ ತೆರೆದಿರಬೇಕು. ನೋಟುಗಳನ್ನು ಬಹಳ ಒಯ್ಯಬೇಡ, ಅಲ್ಲಿ ಜೇಬುಗಳ್ಳರು ಹೆಚ್ಚು. ಸಂಬಳದ ಡೆಬಿಟ್ ಕಾರ್ಡನ್ನು ಮನೆಯಲ್ಲೇ ಬಿಡು.

ಇಷ್ಟು ತಿಳಿದವನು ಹೇಳುತ್ತಿದ್ದೇನೆ. ನಿನಗೆ ಬೇರೆ ಕಾರ್ಡು ಬೇಡ. ನನ್ನ ಕಾರ್ಡಿಗೆ ಜೋಡಿಯಾಗಿ ನಿನ್ನ ಹೆಸರಿನದೊಂದು ಆಡ್-ಆನ್ ಕಾರ್ಡು ತೆಗೆಸುತ್ತೇನೆ. ನೀನು ಖರ್ಚು ಮಾಡಿದಾಗಲೆಲ್ಲ ನನ್ನ ಫೋನಿಗೆ ಮೆಸೇಜು ಬರುತ್ತದೆ. ಹೆಚ್ಚುಕಡಿಮೆಯಾದರೆ ಇಲ್ಲಿಂದಲೇ ನೋಡಿಕೊಳ್ಳಬಹುದು. ನೀನು ಹೋಗುತ್ತಿರುವುದು ಒಬ್ಬಳೇ.

ಇನ್ನೊಂದು ಮಾತು. ನಾನು ನೌಕರಿಗೆ ಸೇರಿದ ಹೊಸತರಲ್ಲಿ ನನ್ನನ್ನು ಕ್ಯಾಶಿನ ಮುಂದೆ ಕೂಡ್ರಿಸಲು ಮ್ಯಾನೇಜರರು ಹಿಂದೆ ಮುಂದೆ ನೋಡಿದರು. ಕಾರಣ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಅಂಥವನ ಹೆಸರಿನಲ್ಲಿ ಇವತ್ತು ಬ್ಯಾಂಕಿನವರೇ ಮನೆಗೆ ತಂದುಕೊಟ್ಟ ಕಾರ್ಡಿದೆ. ಅದರ ಮೇಲೆ ನನ್ನ ಮಗಳು ಪರದೇಶಕ್ಕೆ ಹೋಗಲಿ. ಇದನ್ನು ಆಸೆ ಎಂದು ತಿಳಿ, ಅಪ್ಪಣೆ ಎಂದಾದರೂ ತಿಳಿ.

ಗುರುನಾಥ

---

ಇಂಡಿ
೧೪ ಆಗಸ್ಟ್ ೨೦೨೪

ಅಪ್ಪಾ,

ನೀವು ಗೆದ್ದಿರಿ. ಆಡ್-ಆನ್ ಕಾರ್ಡು ತೆಗೆಸಿ.

ಸಿಂದಗಿಗೆ ಹೋಗಿ ಹೋಗಿ ಚಪ್ಪಲಿ ಸವೆಯಿತು. ಅಲ್ಲಿಯ ಅಧಿಕಾರಿ ಸೋಮನಿಂಗ ಅವರದು ಪ್ರತಿ ಸಲವೂ ಒಂದೇ ಮಾತು: "ಮ್ಯಾಲಿಂದ ಬಂದಿಲ್ರಿ ಮೇಡಂ, ಮುಂದಿನ ವಾರ ಬರ್ರಿ." ಕೊನೆಗೆ ಅವರೇ ಅಂದರು: "ಅಪ್ಪಾರ ಕಾರ್ಡಿನ ಮ್ಯಾಲೆ ಒಂದು ತೊಗೊಂಡ್ ಬಿಡ್ರಲ್ಲ, ಲಗೂ ಬರ್ತೈತಿ." ಸಂಬಳ ಬರುವ ಖಾತೆಯಿದೆ, ಸರ್ಕಾರಿ ನೌಕರಿಯಿದೆ, ಆದರೂ ಅಪ್ಪನ ಬಾಲ ಹಿಡಿಯಿರಿ ಎನ್ನುತ್ತದೆ ಬ್ಯಾಂಕು. ಗೆಳತಿ ಆಯೇಶಾ ನಿಮಗೆ ನೆನಪಿರಬೇಕು, ಮುದ್ದೇಬಿಹಾಳದ ಪಶುವೈದ್ಯೆ. ಅವಳ ತಂದೆ ಗೈಬುಸಾಬರು ಅವಳಿಗೆ ನೌಕರಿ ಸಿಕ್ಕ ವರ್ಷವೇ "ನಿನ್ನ ಹೆಸರಿನ್ಯಾಗ ನೀನ ತೊಗೋ ಬೇಟಾ" ಎಂದು ತಾವೇ ಜೊತೆಗೆ ಹೋಗಿ ಕಾರ್ಡು ಮಾಡಿಸಿದರು. ಅವರು ಬಟ್ಟೆ ಅಂಗಡಿಯವರು, ಬ್ಯಾಂಕಿನವರಲ್ಲ.

ನಿಮ್ಮ ಕಾರ್ಡು ತೆಗೆದುಕೊಳ್ಳುವುದಕ್ಕೆ ನನ್ನದೊಂದು ಷರತ್ತು. ಬಿಲ್ಲು ಬಂದ ದಿನವೇ ನಾನು ತುಂಬುತ್ತೇನೆ. ಏನು ಕೊಂಡೆ, ಯಾಕೆ ಕೊಂಡೆ ಎಂದು ಕೇಳಬಾರದು. ಒಪ್ಪಿಗೆಯಿದ್ದರೆ ಕಳಿಸಿ.

ಪ್ರಜ್ಞಾ

---

ಇಂಡಿ
೫ ಅಕ್ಟೋಬರ್ ೨೦೨೪

ಅಪ್ಪಾ,

ಬಂದಿದ್ದೇನೆ. ಬಾಗೇವಾಡಿಗೆ ಬರುವುದಿಲ್ಲ.

ಜರಗೋಜಾದ ಬಸ್ ನಿಲ್ದಾಣದಲ್ಲಿ ನಡೆದದ್ದನ್ನು ನೀವು ಓದಲೇಬೇಕು. ಸಮ್ಮೇಳನದಲ್ಲಿ ನನ್ನ ಮಾತು ಹಿಂದಿನ ದಿನ ಆಗಿತ್ತು, ಚೆನ್ನಾಗಿಯೇ ಆಗಿತ್ತು. ನಮ್ಮ ಗುಂಪಿನ ಏಳೆಂಟು ವೈದ್ಯರು ಗುಡ್ಡದ ಹಳ್ಳಿಗೆ ಹೋಗುವ ಬಸ್ಸಿಗೆ ನಿಂತಿದ್ದೆವು. ಒಬ್ಬೊಬ್ಬರೇ ಯಂತ್ರದಲ್ಲಿ ಟಿಕೆಟ್ ತೆಗೆದು ಹತ್ತಿದರು. ನಾನು ನೀವು ಹೇಳಿಕೊಟ್ಟ ಹಾಗೆಯೇ ಚಿಪ್ ತೂರಿಸಿದೆ, ಪಿನ್ ಒತ್ತಿದೆ. ಯಂತ್ರ ಕೆಂಪು ಅಕ್ಷರ ತೋರಿಸಿ ಕಾರ್ಡನ್ನು ಹೊರಗೆ ನೂಕಿತು. ಇನ್ನೊಮ್ಮೆ. ಮತ್ತೊಮ್ಮೆ. ಹಿಂದೆ ನಿಂತವರು ಗೊಣಗಿದರು. ಕೌಂಟರಿಗೆ ಓಡಿದೆ. ಅಲ್ಲಿಯ ಹೆಂಗಸು ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ನನ್ನ ಕಡೆ ಜರುಗಿಸಿ ತಲೆ ಅಲ್ಲಾಡಿಸಿದಳು. ಆ ನೋಟ ನಿಮಗೆ ಗೊತ್ತಿರುವ ನೋಟ ಅಪ್ಪಾ. ಕ್ಯಾಶಿನ ಮುಂದೆ ಕೂಡ್ರಿಸಲು ಹಿಂದೆ ಮುಂದೆ ನೋಡಿದವರ ನೋಟ.

ಬಸ್ಸು ಹೊರಟಿತು. ಕಿಟಕಿಯಲ್ಲಿ ಒಬ್ಬರು ಕೈಯಾಡಿಸಿ ಏನಾಯಿತು ಎಂದು ಕೇಳುತ್ತಿದ್ದರು. ನೋಟು ಇರಲಿಲ್ಲ, ನೀವೇ ಬೇಡ ಎಂದಿದ್ದಿರಿ. ಡೆಬಿಟ್ ಕಾರ್ಡು ಇರಲಿಲ್ಲ, ಅದನ್ನೂ ನೀವೇ ಬಿಡಿಸಿದಿರಿ. ನಿಮಗೆ ಫೋನ್ ಹಚ್ಚಿದೆ. ರಿಂಗಾಯಿತು, ರಿಂಗಾಯಿತು, ಎತ್ತಲಿಲ್ಲ. ಆಗ ಬಾಗೇವಾಡಿಯಲ್ಲಿ ನಡುಮಧ್ಯಾಹ್ನ. ನೀವು ಮನೆಯಲ್ಲೇ ಇರುವ ಹೊತ್ತು.

ಬ್ಯಾಂಕಿನ ಸಹಾಯವಾಣಿಗೆ ಹಚ್ಚಿದೆ. ಒಬ್ಬ ಹುಡುಗಿ ಬಲು ನಯವಾಗಿ ಹೇಳಿದಳು: "ಮೇಡಂ, ಮುಖ್ಯ ಕಾರ್ಡುದಾರರೇ ನಿನ್ನೆ ಸಂಜೆ ಇದನ್ನು ನಿಲ್ಲಿಸಿದ್ದಾರೆ. ಅವರೇ ಹೇಳಬೇಕು, ನೀವು ಹೇಳಿದರೆ ಆಗುವುದಿಲ್ಲ." ಕಾರ್ಡಿನ ಮೇಲೆ ನನ್ನ ಹೆಸರಿದೆ ಎಂದೆ. "ಹೆಸರು ಇರುತ್ತದೆ ಮೇಡಂ," ಎಂದಳು.

ಕೊನೆಗೆ ಮುದ್ದೇಬಿಹಾಳದಿಂದ ಆಯೇಶಾ ತನ್ನ ಕಾರ್ಡಿನಲ್ಲಿ ಸಂಜೆಯ ಬಸ್ಸಿಗೆ ಟಿಕೆಟ್ ತೆಗೆದು ನನ್ನ ಫೋನಿಗೆ ಕಳಿಸಿದಳು. ವಸತಿಗೃಹಕ್ಕೂ ಅವಳೇ ತುಂಬಿದಳು. ಏನು ಎತ್ತ ಎಂದು ಒಂದು ಮಾತು ಕೇಳಲಿಲ್ಲ. ನಾನು ಹೋಗುವಷ್ಟರಲ್ಲಿ ಉಳಿದವರ ಹಟ್ಟಿಯ ಕೆಲಸ ಮುಗಿದಿತ್ತು. ನನಗೆ ಸಿಕ್ಕಿದ್ದು ಮರುದಿನದ ಬೆಳಗು ಮಾತ್ರ.

ಯಾಕೆ ನಿಲ್ಲಿಸಿದಿರಿ? ಸುತ್ತು ಬಳಸಿ ಬರೆಯಬೇಡಿ.

ಪ್ರಜ್ಞಾ

---

ಬಸವನ ಬಾಗೇವಾಡಿ
೧೫ ಅಕ್ಟೋಬರ್ ೨೦೨೪

ಪ್ರಜ್ಞಾ,

ನಾನೇ ನಿಲ್ಲಿಸಿದೆ. ಯಾಕೆ ನಿಲ್ಲಿಸಬಾರದು? ಕಾರ್ಡು ನನ್ನದು.

ಸುತ್ತು ಬಳಸಬೇಡ ಎಂದಿದ್ದೀಯ, ನೇರವಾಗಿಯೇ ಕೇಳು. ನೀನು ಹೋದ ಮರುದಿನ ಮೆಸೇಜು ಬಂತು. ಬಾರ್. ನಾನು ಏನೂ ಅನ್ನಲಿಲ್ಲ. ಮಾರನೆಯ ದಿನ ಮತ್ತೆ ಬಾರ್. ಅದರ ಮಾರನೆಯ ದಿನವೂ. ಅದೂ ಅಲ್ಲಿಯ ಬೆಳಿಗ್ಗೆ ಎಂಟಕ್ಕೆ! ಮುಖ ತೊಳೆದು ನೇರ ಬಾರಿಗೆ ಹೋಗುವುದನ್ನು ನಾನು ಗಂಡಸರಲ್ಲೂ ಕಂಡದ್ದು ಕಡಿಮೆ. ಒಂದು ದಿನವಂತೂ ಎರಡು ಸಲ. ಯಾರ ಜೊತೆ ಹೋಗುತ್ತಿದ್ದೆ ಎಂದು ನಾನು ಕೇಳುವುದಿಲ್ಲ, ಕೇಳಬಾರದು ಎಂಬ ಷರತ್ತಿದೆಯಲ್ಲ.

ಯಂಕಂಚಿಯಲ್ಲಿ ನಮ್ಮ ಓಣಿಯ ಗಂಡಸರನ್ನು ಸೆರೆಯ ಕುಡಿತ ಏನು ಮಾಡಿತು ಎಂದು ನಾನು ನೋಡಿ ಬೆಳೆದಿದ್ದೇನೆ. ನಮ್ಮ ಮನೆಯೊಳಗೆ ಅದು ಬರಕೂಡದು ಎಂದು ನಾನೂ ನಿನ್ನ ಅವ್ವನೂ ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳಿದವರು. ಆ ಮನೆಯ ಮಗಳು ನನ್ನ ಹೆಸರಿನ ಕಾರ್ಡನ್ನು ಬಾರಿನಲ್ಲಿ ತೂರಿಸಿದರೆ ನಾನು ಕುಳಿತು ಮೆಸೇಜು ಎಣಿಸಬೇಕೋ? ಫೋನ್ ಯಾಕೆ ಎತ್ತಲಿಲ್ಲ ಎಂದರೆ, ಎತ್ತಿದ್ದರೆ ಆಡಬಾರದ್ದನ್ನು ಆಡುತ್ತಿದ್ದೆ.

ಒಂದು ಬಸ್ಸು ತಪ್ಪಿತು ಎಂದು ಮೈಯೆಲ್ಲ ಉರಿದುಕೊಂಡಿದ್ದೀಯ. ನನಗೆ ಏನು ತಪ್ಪಿತು ಎಂದು ಯೋಚಿಸಿದ್ದೀಯಾ?

ಗುರುನಾಥ

---

ಇಂಡಿ
೨ ನವೆಂಬರ್ ೨೦೨೪

ಅಪ್ಪಾ,

ನಿಮ್ಮ ಪತ್ರ ಓದಿ ಮೊದಲು ನಕ್ಕೆ. ಆಮೇಲೆ ಇನ್ನೊಮ್ಮೆ ಓದಿದೆ.

ಆ ದೇಶದಲ್ಲಿ ಬಾರ್ ಎಂದರೆ ನಮ್ಮ ಚಹಾದಂಗಡಿ. ಮೂಲೆ ಮೂಲೆಗೂ ಇದೆ. ಬೆಳಿಗ್ಗೆ ಶಾಲೆಯ ಮಕ್ಕಳು ಅವ್ವಂದಿರ ಕೈ ಹಿಡಿದು ಬಂದು ಅಲ್ಲಿ ಹಾಲು ಕುಡಿಯುತ್ತಾರೆ. ನಾನು ಕುಡಿದದ್ದು ಕಾಫಿ. ತಿಂದದ್ದು ಸುಟ್ಟ ರೊಟ್ಟಿಯ ಮೇಲೆ ಟೊಮೆಟೊ ಸವರಿದ್ದು. ಒಂದು ದಿನ ಎರಡು ಸಲ ಹೋದೆ ಎಂದಿರಿ. ಹೌದು, ನನ್ನ ಮಾತಿನ ಹಿಂದಿನ ದಿನ. ಹೆದರಿಕೆಗೆ ಬೆಳಿಗ್ಗೆ ಏನೂ ತಿಂದಿರಲಿಲ್ಲ, ಮಧ್ಯಾಹ್ನ ಬರೀ ಮೊಸರಿಗೆ ಹೋಗಿದ್ದೆ.

ಒಂದೇ ಒಂದು ಫೋನ್. "ಏನವ್ವಾ ಇದು ಬಾರ್ ಅಂದ್ರ?" ಎಂದು ಕೇಳಿದ್ದರೆ ಮುಗಿಯುತ್ತಿತ್ತು. ನೀವು ಕೇಳಲಿಲ್ಲ, ತೀರ್ಮಾನ ಮಾಡಿದಿರಿ. ಸರಿ, ನಾನು ಕುಡಿದೇ ಇದ್ದೆ ಎನ್ನೋಣ. ಆಗ ಪರದೇಶದ ಬಸ್ ನಿಲ್ದಾಣದಲ್ಲಿ ಕೈ ಖಾಲಿ ಮಾಡಿ ನಿಲ್ಲಿಸುವುದು ಸರಿಯೇ? ಇದಕ್ಕೆ ನಿಮ್ಮ ಹತ್ತಿರ ಉತ್ತರವಿದ್ದರೆ ಬರೆಯಿರಿ.

ಇಷ್ಟಕ್ಕೇ ಮುಗಿಸುವವಳಿದ್ದೆ. ಆದರೆ ಸೋಮವಾರ ಸಿಂದಗಿಗೆ ಹೋಗಿದ್ದೆ. ಈ ಸಲ ಕಾರ್ಡು ಕೊಡುತ್ತೀರೋ ಖಾತೆ ಮುಚ್ಚಲೋ ಎಂದು ಕೇಳಿದೆ. ಸೋಮನಿಂಗ ಅವರು ಗಾಬರಿಯಾದರು.

"ಸಿಟ್ಟಾಗಬ್ಯಾಡ್ರಿ ಮೇಡಂ, ನಿಮ್ಮ ಅರ್ಜಿ ಅವತ್ತೇ ಪಾಸಾಗ್ತಿತ್ತರಿ. ನಿಮ್ಮ ಅಪ್ಪಾರೇ ಫೋನ್ ಮಾಡಿದ್ರಲ್ಲ."

"ಏನಂತ?"

"ನಾ ಅವರ ಕೈಯಾಗ ಕೆಲಸ ಕಲತಾಂವ್ರಿ. 'ಸೋಮ್ಯಾ, ಅದನ್ನ ಸದ್ಯಕ್ಕ ಹಂಗೇ ಇಡು, ನಾ ಹೇಳತನಕ' ಅಂದ್ರು. ಹಿರ್ಯಾರ ಮಾತು ಹೆಂಗ ಮೀರಲ್ರಿ?"

ನಾನು ಕುರ್ಚಿಯಿಂದ ಏಳಲಿಲ್ಲ. ಅವರು ಕಾರ್ಡಿನ ಅರ್ಜಿ ಮುಂದೆ ಕಳಿಸುವವರೆಗೆ ಅಲ್ಲಿಯೇ ಕುಳಿತೆ. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ನಿಂತಾಗ ಇಡೀ ಮಳೆಗಾಲ ನಾನು ಸಿಂದಗಿಗೆ ಅಲೆದದ್ದು ನೆನಪಾಯಿತು. ಪ್ರತಿ ಸಲ ಫೋನಿನಲ್ಲಿ ನಿಮ್ಮ ಮುಂದೆಯೇ ಗೋಳು ತೋಡಿಕೊಳ್ಳುತ್ತಿದ್ದೆ. "ಬ್ಯಾಂಕಿನ ಕೆಲಸ ಹಂಗ ಇರ್ತೈತಿ, ತಾಳ್ಮಿ ಬೇಕು" ಎನ್ನುತ್ತಿದ್ದಿರಿ.

ನಿಲ್ದಾಣದಲ್ಲಿ ನನ್ನನ್ನು ನಿಲ್ಲಿಸಿದ್ದು ಸಿಟ್ಟಿನ ಕೆಲಸ, ಮರೆತೇನು. ಇದು ತಣ್ಣಗೆ ಕುಳಿತು ಮಾಡಿದ್ದು. ಮರೆಯಲಾರೆ.

ಪ್ರಜ್ಞಾ

---

ಬಸವನ ಬಾಗೇವಾಡಿ
೨೪ ನವೆಂಬರ್ ೨೦೨೪

ಪ್ರಜ್ಞಾ,

ಅವ್ವ ಬರೆಯುತ್ತಿದ್ದೇನೆ. ನಿನಗೆ ಆಶ್ಚರ್ಯವಾಗಬಹುದು. ನಿನ್ನ ಪತ್ರಗಳನ್ನು ಅವರು ನನಗೆ ಓದಿ ಹೇಳುತ್ತಿದ್ದರು, ತಮಗೆ ಬೇಕಾದಷ್ಟು. ಅಂಗನವಾಡಿಯಲ್ಲಿ ಊರ ಮಕ್ಕಳಿಗೆ ಅಕ್ಷರ ತಿದ್ದಿಸುವವಳು ನಾನು, ಮನೆಯಲ್ಲಿ ಮಗಳ ಕಾಗದವನ್ನು ಇನ್ನೊಬ್ಬರ ಬಾಯಿಂದ ಕೇಳಿದೆ. ಈ ಸಲದ ಪತ್ರ ಅವರು ಓದಿ ಹೇಳಲಿಲ್ಲ, ಕಪಾಟಿನ ಮೇಲಿಟ್ಟು ಹೊರಗೆ ಹೋದರು. ನಾನು ತೆಗೆದು ಓದಿದೆ. ಹಿಂದಿನವನ್ನೂ ಹುಡುಕಿ ಓದಿದೆ.

ಅವರು ಬಂದಾಗ ಕೇಳಿದೆ: "ನನ್ನ ಕಾರ್ಡ್ ಕೊಡ್ರಿ."

"ಯಾವ ಕಾರ್ಡ್?"

"ನನ್ನ ಪಗಾರದ್ದು. ನಿಮ್ಮ ಅಂಗಿ ಕಿಸೆದಾಗ ಇರ್ತೈತಲ್ಲ, ಅದು."

"ಯಾಕ? ಏನ್ ತರಬೇಕು ಹೇಳು, ನಾ ತರ್ತೇನಿ."

"ತರಾಕಲ್ಲ. ನನ್ನ ಹತ್ರ ಇರಾಕ."

ನಕ್ಕರು. "ಪಿನ್ ಗೊತ್ತೈತೇನು ನಿನಗ?"

"ನೀವು ಎಂದರ ಹೇಳೀರೇನು?"

ನಗು ನಿಂತಿತು. ಮಗಳು ತಲೆ ಕೆಡಿಸಿದ್ದಾಳೆ ಎಂದರು. ಕೊಡಲಿಲ್ಲ. ಮರುದಿನ ಅಂಗನವಾಡಿ ಬಿಟ್ಟ ಮೇಲೆ ಸೀದಾ ಬ್ಯಾಂಕಿಗೆ ಹೋದೆ. ಅವರಿದ್ದ ಬ್ಯಾಂಕೇ ಅದು. ಅಲ್ಲಿಯ ಹುಡುಗ, "ಸಾಹೇಬ್ರು ಬಂದಿಲ್ಲೇನ್ರಿ ಅಕ್ಕಾರ?" ಎಂದ. "ಖಾತೆ ಯಾರ ಹೆಸರಿನ್ಯಾಗ ಐತಿ ನೋಡಪಾ, ಸಾಹೇಬ್ರದ್ದಿದ್ರ ನಾ ಹೊಳ್ಳಿ ಹೋಗ್ತೇನಿ," ಎಂದೆ. ನೋಡಿದ. ಹಳೆಯ ಕಾರ್ಡು ಬಂದ್ ಮಾಡಿಸಿ ಹೊಸದಕ್ಕೆ ಸಹಿ ಹಾಕಿದೆ. ಅಷ್ಟರಲ್ಲಿ ಯಾರೋ ಸುದ್ದಿ ಮುಟ್ಟಿಸಿರಬೇಕು, ನಿನ್ನ ಅಪ್ಪ ಬಂದು ಗಾಜಿನ ಬಾಗಿಲ ಹೊರಗೆ ನಿಂತಿದ್ದರು. ಒಳಗೆ ಬರಲಿಲ್ಲ. ತಮ್ಮ ಹಳೆಯ ಜೊತೆಗಾರರ ಮುಂದೆ ಹೆಂಡತಿಗೆ ಏನೆನ್ನಬೇಕು ತಿಳಿಯಲಿಲ್ಲವೇನೋ. ನಾನು ಅವರ ಮುಂದಿನಿಂದಲೇ ದಾಟಿ ಮನೆಗೆ ಬಂದೆ. ಹಿಂದೆ ನಡೆಯುತ್ತ ಬಂದರು.

ಆದರೆ ನಿನ್ನ ಮೇಲೂ ನನಗೆ ಸಿಟ್ಟಿದೆ. ಅದನ್ನು ಹೇಳದಿದ್ದರೆ ಈ ಕಾಗದ ಬರೆದು ಉಪಯೋಗವಿಲ್ಲ. ನಿನ್ನ ಕಾರ್ಡನ್ನು ನಾಲ್ಕು ತಿಂಗಳು ತಡೆದದ್ದಕ್ಕೆ ಇಷ್ಟು ಕಾಗದ ಬರೆದೆ. ನನ್ನದು ನಿನ್ನ ಅಪ್ಪನ ಕಿಸೆಯಲ್ಲಿದ್ದದ್ದನ್ನು ನೀನು ಸಣ್ಣವಳಿದ್ದಾಗಿನಿಂದ ನೋಡಿದ್ದೀ. ಹಬ್ಬಕ್ಕೆ ನಿನಗೆ ಬಟ್ಟೆ ತರಲು ನಾನು ಅವರ ಮುಂದೆ ಕೈ ಒಡ್ಡುವುದನ್ನೂ ನೋಡಿದ್ದೀ. ಒಂದು ದಿನವಾದರೂ, ಅವ್ವಾ ನಿನ್ನದೆಲ್ಲಿ ಎಂದು ಕೇಳಿದೆಯಾ? "ಅವ್ವನಿಗೆ ನಮಸ್ಕಾರ ಹೇಳಿ" ಎಂದು ಒಂದು ಸಾಲು ಬರೆದೆ. ಆಮೇಲೆ ಅದೂ ನಿಂತಿತು.

ಉಣ್ಣುವುದು ಬಿಡಬೇಡ.

ಯಶೋಧಾ

---

ಇಂಡಿ
೧೮ ಡಿಸೆಂಬರ್ ೨೦೨೪

ಅಪ್ಪಾ,

ಅವ್ವ ಹೋದ ವಾರ ಒಬ್ಬಳೇ ಬಂದು ಎರಡು ದಿನ ಇದ್ದು ಹೋದಳು. ನಿಮಗೆ ಗೊತ್ತೇ ಇದೆ. ಅವಳ ಪತ್ರಕ್ಕೆ ಉತ್ತರ ಬರೆಯಲು ನನ್ನಿಂದ ಆಗಿರಲಿಲ್ಲ. ಬಾಗಿಲಲ್ಲಿ ಅವಳನ್ನು ಕಂಡಾಗ ಅತ್ತುಬಿಟ್ಟೆ. ಅವಳೇ ಚೀಲ ಇಳಿಸಿ, "ಅಳಬ್ಯಾಡ ಸುಮ್ಮನ, ಸಿಟ್ಟು ಇನ್ನೂ ಐತಿ ನನಗ, ಚಾ ಮಾಡು" ಎಂದಳು.

ನಿಮ್ಮಿಂದ ಎರಡು ತಿಂಗಳಾಯಿತು, ಪತ್ರವಿಲ್ಲ. ಅಪ್ಪ ಹೇಗಿದ್ದಾರೆ ಎಂದು ಅವ್ವನನ್ನು ಕೇಳಿದೆ. "ಅದಾರ. ಮಾತು ಕಮ್ಮಿ. ತಮ್ಮ ತಾಟು ತಾವು ತೊಳಕೋತಾರ," ಎಂದಳು. ಅದು ಸಿಟ್ಟೋ ಬೇರೇನೋ ಅವಳಿಗೂ ತಿಳಿದಿಲ್ಲ.

ನನ್ನ ಹೆಸರಿನ ಕಾರ್ಡು ಬಂದಿದೆ. ಅದು ಬಂದ ದಿನ ಬಹಳ ಖುಷಿಯಾಗಬೇಕಿತ್ತು, ಆಗಲಿಲ್ಲ. ಒಂದು ಪ್ಲಾಸ್ಟಿಕ್ ತುಂಡಿಗಾಗಿ ತಂದೆಯೊಡನೆ ಮಾತು ಬಿಟ್ಟಳು ಎಂದು ಊರವರು ಅಂದಾರು. ಅನ್ನಲಿ. ತುಂಡು ಸಣ್ಣದು ಎಂದು ನಿಮಗೂ ಅನಿಸಿದ್ದರೆ ಸಿಂದಗಿಗೆ ಆ ಫೋನ್ ಮಾಡುತ್ತಿರಲಿಲ್ಲ.

ಅವತ್ತು ಚಹಾ ಕುಡಿಯುತ್ತ ಅವ್ವ ಕೇಳಿದಳು: "ಅಷ್ಟು ದೂರ ಹೋಗಿದ್ದೆಲ್ಲ, ಅಲ್ಲೇನು ನೋಡಿದಿ?" ನಾನು ಹೇಳಲು ಕುಳಿತೆ. ಆ ಬೆಳಗಿನ ಮಂಜು, ಹಟ್ಟಿಯ ಕಲ್ಲಿನ ಗೋಡೆ, ರೆಮೆದಿಯೋಸ್ ಎಂಬ ಮುದುಕಿ ಕುರಿಯ ಬಾಯಿ ಬಿಡಿಸಿ ನನಗೆ ನಾಲಿಗೆ ತೋರಿಸಿದ್ದು. ಅವಳ ಭಾಷೆ ನನಗೆ ಬರುತ್ತಿರಲಿಲ್ಲ, ನನ್ನದು ಅವಳಿಗೆ. ಆದರೂ ನಾನು ಹೊರ್ತಿಯ ಕುರಿಗಳ ಚಿತ್ರ ತೋರಿಸಿದಾಗ, ಜ್ವರವಿದ್ದ ಕುರಿಯನ್ನು ಅವಳು ಬೆರಳಿಟ್ಟು ಗುರುತಿಸಿದಳು. ಹೇಳುತ್ತ ಹೇಳುತ್ತ ಚಹಾ ಆರಿಹೋಯಿತು.

ಆಮೇಲೆ ನನಗೆ ಹೊಳೆಯಿತು. ಎಲ್ಲಿ ತಿಂದೆ, ಎಷ್ಟಕ್ಕೆ ಕಾರ್ಡು ತೂರಿಸಿದೆ, ಎಷ್ಟು ಗಂಟೆಗೆ ಎಂಬುದೆಲ್ಲ ನಿಮಗೆ ಗೊತ್ತು. ನಮ್ಮ ಮನೆತನದಲ್ಲಿ ಮೊದಲು ಸಮುದ್ರ ದಾಟಿದವಳು ನಾನು. ಅಲ್ಲಿ ಏನು ಕಂಡೆ ಎಂದು ನೀವು ಒಮ್ಮೆಯೂ ಕೇಳಿಲ್ಲ.

ಪ್ರಜ್ಞಾ

---

ಬಸವನ ಬಾಗೇವಾಡಿ
೯ ಜನವರಿ ೨೦೨೫

ಪ್ರಜ್ಞಾ,

ಜೈಭೀಮ್.

ನಿನ್ನ ಭಾಷೆ ನನಗೆ ಸೇರಲಿಲ್ಲ. ತಂದೆಗೆ ಹೀಗೆ ಬರೆಯುತ್ತಾರೆಯೇ? ನನ್ನ ಸಿಟ್ಟು ಇಳಿದಿಲ್ಲ, ನಿನ್ನದೂ ಇಳಿದಿಲ್ಲ ಎಂದು ಕಾಣುತ್ತದೆ. ಯಶೋಧಾ ತನ್ನ ಕಾರ್ಡನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ. ಪಿನ್ ಏನೆಂದು ನಾನು ಕೇಳಿಲ್ಲ.

ಸೋಮನಿಂಗ ಫೋನ್ ಮಾಡಿದ್ದ. "ನನ್ನಿಂದ ನಿಮ್ಮಿಬ್ಬರ ನಡುವೆ ಹಿಂಗಾತಲ್ರಿ ಸರ್" ಎಂದ. ನಿನ್ನಿಂದಲ್ಲ ಎಂದು ಹೇಳಿ ಇಟ್ಟೆ.

ಈ ಕಾಗದವನ್ನು ಮೂರು ಸಲ ಬರೆದು ಹರಿದೆ. ಈಗಲೂ ಏನು ಬರೆಯಬೇಕು ತಿಳಿಯುತ್ತಿಲ್ಲ, ಅದಕ್ಕೆ ಒಂದನ್ನೇ ಕೇಳುತ್ತೇನೆ. ಅದಕ್ಕೂ ಮೊದಲು ನಿನಗೆ ನಾನು ಯಾವತ್ತೂ ಹೇಳದ ಒಂದು ಮಾತು: ನನ್ನ ಅಪ್ಪ ಯಂಕಂಚಿಯಲ್ಲಿ ಕೊನೆಯವರೆಗೂ ಮಂದಿಯ ದನ ಕಾದವನು. ಒಂದು ಕರು ಕೂಡ ತನ್ನದು ಎಂದಿರಲಿಲ್ಲ. ಸಂಜೆ ಒಬ್ಬೊಬ್ಬರ ಕೊಟ್ಟಿಗೆಗೆ ಒಂದೊಂದನ್ನು ಹೊಡೆದು ಬರಿಗೈಯಲ್ಲಿ ಮನೆಗೆ ಬರುತ್ತಿದ್ದ.

ಆ ಮುದುಕಿ ಕಾಯುವ ಕುರಿ ಅವಳ ಸ್ವಂತದವೋ, ಇನ್ನೊಬ್ಬರವೋ? ಬಿಡಿಸಿ ಬರೆ.

ನಿನ್ನ ಅಪ್ಪ
ಗುರುನಾಥ